ಸೌದೆ ಸೀಳುವ ಯಂತ್ರ: ಟನ್ ಕೇಳುವ ಮುನ್ನ ರಾಶಿ ಅಳೆಯಿರಿ

ಕೊಡಗಿನ ಮನೆಗಳಲ್ಲಿ ಮಳೆಗಾಲದ ಸೌದೆ ತೀರ್ಮಾನವಾಗುವುದು ಬೇಸಿಗೆಯಲ್ಲಿ. ಕಾಫಿ ಕೊಯ್ಲು ಮುಗಿದು, ಹೂಮಳೆ ಬಿದ್ದು, ಮರ ಕಪಾತಿನವರು ತೋಟಕ್ಕೆ ಇಳಿದ ಮೇಲೆ ಸಿಲ್ವರ್ ಓಕ್ ಕೊಂಬೆ, ಹಲಸಿನ ರೆಂಬೆ, ಗಾಳಿಗೆ ಬಿದ್ದ ಮರದ ಬೊಡ್ಡೆ, ಕಿತ್ತ ಹಳೆಯ ಕಾಫಿ ಗಿಡ ಎಲ್ಲವೂ ಕಣದ ಅಂಚಿಗೆ ಬಂದು ಬೀಳುತ್ತವೆ. ಜೂನ್‌ನಲ್ಲಿ ಮುಂಗಾರು ಹಿಡಿದರೆ ಸೆಪ್ಟೆಂಬರ್‌ವರೆಗೆ ಬಿಸಿಲನ್ನು ನಂಬುವಂತಿಲ್ಲ. ತುಂಡು ಮಾಡಿ, ಸೀಳಿ, ಒಣಗಿಸಿ, ಕೊಟ್ಟಿಗೆಗೆ ಸೇರಿಸಲು ಸಿಗುವುದು ಹೆಚ್ಚೆಂದರೆ ಎರಡು ತಿಂಗಳು. ಅದೇ ಹೊತ್ತಿಗೆ ತೋಟದ ಕೆಲಸವೂ ಬಾಕಿ ಇರುತ್ತದೆ, ಆಳುಗಳು ಸಿಗುವುದಿಲ್ಲ. ಕೊಡಲಿ ಹಿಡಿದು ದಿನವಿಡೀ ಸೌದೆ ಸೀಳಬಲ್ಲವರು ಊರಿನಲ್ಲಿ ಒಬ್ಬಿಬ್ಬರು ಉಳಿದಿದ್ದರೆ ಅದೇ ಪುಣ್ಯ.

ಹೀಗಾಗಿ ಸೌದೆ ಸೀಳುವ ಯಂತ್ರದ ವಿಚಾರ ಈಗ ಮನೆಮನೆಯಲ್ಲೂ ಬರುತ್ತಿದೆ. ಅಂಗಡಿಗೆ ಹೋದರೆ ಮೊದಲು ಕಿವಿಗೆ ಬೀಳುವ ಮಾತು ಟನ್, ಅಂದರೆ ಯಂತ್ರ ಮರವನ್ನು ಒತ್ತುವ ಬಲದ ಲೆಕ್ಕ. ಐದು ಟನ್, ಹತ್ತು ಟನ್, ಇಪ್ಪತ್ತು ಟನ್. ಸಂಖ್ಯೆ ದೊಡ್ಡದಾದಷ್ಟೂ ಯಂತ್ರ ಒಳ್ಳೆಯದು ಎಂಬ ಭಾವನೆ ತಾನಾಗಿಯೇ ಮೂಡುತ್ತದೆ. ನನ್ನ ಅಭಿಪ್ರಾಯ ಬೇರೆ. ಟನ್ ಕೊನೆಗೆ ಕೇಳಬೇಕಾದ ಪ್ರಶ್ನೆ. ನಿಮ್ಮ ಒಲೆಯ ಬಾಯಿ ಎಷ್ಟು ಅಗಲ, ನಿಮ್ಮ ರಾಶಿಯಲ್ಲಿರುವ ಮರ ಯಾವುದು, ನಿಮ್ಮ ಮನೆಗೆ ಬರುವ ಕರೆಂಟು ಹೇಗಿದೆ ಎಂಬ ಮೂರು ಸಂಗತಿಗಳು ಗೊತ್ತಾದರೆ ಎಷ್ಟು ಟನ್ ಬೇಕು ಎಂಬುದು ತಾನೇ ಹೊರಬರುತ್ತದೆ. ಬಹುಪಾಲು ಮನೆಗಳಿಗೆ ಆ ಉತ್ತರ ಅಂಗಡಿಯವರು ಹೇಳುವುದಕ್ಕಿಂತ ಚಿಕ್ಕದು.

ಸೀಳುವುದೇ ಏಕೆ

ಮರದ ಕಾಂಡವೆಂದರೆ ಬೇರಿನಿಂದ ತುದಿಗೆ ನೀರು ಸಾಗಿಸುವ ಸಣ್ಣ ಕೊಳವೆಗಳ ಕಟ್ಟು ಇದ್ದಂತೆ. ಕಡಿದ ಮೇಲೂ ನೀರು ಸುಲಭವಾಗಿ ಓಡುವುದು ಆ ಕೊಳವೆಗಳ ಉದ್ದಕ್ಕೇ, ಅಂದರೆ ಕೊಯ್ದ ಎರಡು ಮುಖಗಳ ಕಡೆಗೆ. ಪಕ್ಕದಿಂದ ಹೊರಬರಲು ತೊಗಟೆ ಬಿಡುವುದಿಲ್ಲ. ಸೀಳಿದಾಗ ತೊಗಟೆಯ ತಡೆ ಹೋಗುತ್ತದೆ, ಒಳಗಿನ ಹಸಿ ಭಾಗಕ್ಕೆ ಗಾಳಿ ತಾಗುತ್ತದೆ. ಇಡೀ ಕೊರಡು ಒಂದು ವರ್ಷ ಬಿದ್ದಿದ್ದರೂ ಒಳಗೆ ಹಸಿಯಾಗಿಯೇ ಇರಬಹುದು. ಅದನ್ನೇ ನಾಲ್ಕಾಗಿ ಸೀಳಿ ಬೇಸಿಗೆಯ ಗಾಳಿಗೆ ಅಡ್ಡಡ್ಡ ಜೋಡಿಸಿದರೆ ಮಳೆಗೆ ಮೊದಲು ಬಹಳಷ್ಟು ನೀರು ಹೋಗಿರುತ್ತದೆ.

ಈಗಷ್ಟೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಒಲೆಗೆ ಹಾಕುವಾಗ ಅದು 20 ಶೇಕಡಕ್ಕಿಂತ ಕೆಳಗೆ ಇಳಿದಿರಬೇಕು. ಒಂದು ಕಿಲೋ ನೀರನ್ನು ಕಾಯಿಸಿ ಆವಿ ಮಾಡಲು 600 ಕಿಲೋಕ್ಯಾಲೊರಿಗೂ ಹೆಚ್ಚು ಶಾಖ ಬೇಕು, ಆ ಶಾಖ ಹಂಡೆಯ ಪಾಲಿನಿಂದಲೇ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು ಹೊಗೆ. ಹಸಿ ಸೌದೆಯ ಬೆಂಕಿ ತಣ್ಣಗಿರುತ್ತದೆ, ಮರದಿಂದ ಹೊರಟ ಅನಿಲಗಳು ಪೂರ್ತಿ ಉರಿಯದೆ ಹೊಗೆಯಾಗಿ ಮನೆ ತುಂಬುತ್ತವೆ, ಚಿಮಣಿಯ ಒಳಗೆ ಅಂಟು ಮಸಿಯಾಗಿ ಕೂರುತ್ತವೆ. ಕಕ್ಕಡ ಮಾಸದ ಮಳೆಯಲ್ಲಿ ಬಾಗಿಲು ಕಿಟಕಿ ಮುಚ್ಚಿದ ಅಡುಗೆಮನೆಯಲ್ಲಿ ಆ ಹೊಗೆಯನ್ನು ಉಸಿರಾಡುವವರು ಮನೆಯ ಹೆಂಗಸರು. ಆದ್ದರಿಂದ ಯಂತ್ರದ ನಿಜವಾದ ಪ್ರಯೋಜನ ಮೈಕೈ ನೋವು ಉಳಿಸುವುದಷ್ಟೇ ಅಲ್ಲ. ಏಪ್ರಿಲ್‌ನಲ್ಲೇ ಸೀಳಿ ಮುಗಿಸಲು ಸಾಧ್ಯವಾಗುವುದು. ಜುಲೈನಲ್ಲಿ ಎಷ್ಟೇ ಬಲವಾದ ಯಂತ್ರದಿಂದ ಸೀಳಿದರೂ ಆ ವರ್ಷದ ಸೌದೆ ಹೊಗೆಯನ್ನೇ ಕೊಡುತ್ತದೆ.

ನಮ್ಮ ಮರಗಳು, ಅವರ ಪಟ್ಟಿ

ಯಂತ್ರದ ಜೊತೆ ಬರುವ ಕಾಗದದಲ್ಲಿ 'ಗರಿಷ್ಠ ವ್ಯಾಸ 25 ಸೆಂಟಿಮೀಟರ್' ಎಂದು ಬರೆದಿದ್ದರೆ ಅದನ್ನು ಹಾಗೆಯೇ ನಂಬಬೇಡಿ. ಈ ಯಂತ್ರಗಳು ರೂಪುಗೊಂಡದ್ದು ಚಳಿ ದೇಶಗಳ ಪೈನ್, ಬರ್ಚ್‌ನಂತಹ ಮರಗಳಿಗಾಗಿ. ಅವುಗಳ ಎಳೆ ನೇರ, ಬಿರುಕು ಒಮ್ಮೆ ಶುರುವಾದರೆ ತುದಿಯವರೆಗೆ ಓಡುತ್ತದೆ. ಉಷ್ಣವಲಯದ ಅನೇಕ ಮರಗಳಲ್ಲಿ ಎಳೆಗಳು ಒಂದು ಪದರದಲ್ಲಿ ಬಲಕ್ಕೆ, ಮುಂದಿನ ಪದರದಲ್ಲಿ ಎಡಕ್ಕೆ ಓರೆಯಾಗಿ ಹೆಣೆದುಕೊಂಡಿರುತ್ತವೆ. ಬೆಣೆ ಒಳಗೆ ಹೋದರೂ ಬಿರುಕು ಮುಂದಕ್ಕೆ ಹೋಗುವುದಿಲ್ಲ, ಎರಡು ಹೋಳುಗಳನ್ನು ನಾರುಗಳು ಹಿಡಿದೇ ಇರುತ್ತವೆ. ಹುಣಸೆ ಮರದ ಕೊರಡನ್ನು ಮಾಂಸ ಕೊಚ್ಚಲು ಬಳಸುವುದು ಈ ಗುಣಕ್ಕಾಗಿಯೇ.

ನಮ್ಮ ರಾಶಿಯಲ್ಲಿ ಹೆಚ್ಚಾಗಿ ಇರುವುದು ಸಿಲ್ವರ್ ಓಕ್. ಹಸಿಯಾಗಿದ್ದಾಗ ಇದು ಸಲೀಸಾಗಿ ಸೀಳುತ್ತದೆ, ಬೇಗ ಒಣಗುತ್ತದೆ, ಬೇಗ ಉರಿದೂ ಹೋಗುತ್ತದೆ. ನಿಮ್ಮ ರಾಶಿಯಲ್ಲಿ ಮುಕ್ಕಾಲು ಪಾಲು ಇದೇ ಆಗಿದ್ದರೆ ದೊಡ್ಡ ಯಂತ್ರದ ಮಾತೇ ಬೇಡ. ಹಲಸು ಗಟ್ಟಿ, ಕವಲು, ಗಂಟು ಇರುವ ಕಡೆ ಕಷ್ಟ ಕೊಡುತ್ತದೆ. ನೀಲಗಿರಿ ಕಡಿದ ವಾರದಲ್ಲೇ ಸೀಳಬೇಕು, ಒಣಗಿದ ಮೇಲೆ ತಿರುಚಿದ ಎಳೆಗಳು ಬಿಗಿಯಾಗಿ ಬೆಣೆಯನ್ನೇ ಹಿಡಿದುಕೊಳ್ಳುತ್ತವೆ. ಹಾಲುವಾಣ ನೀರೇ ತುಂಬಿದ ಮೆತ್ತನೆಯ ಮರ, ಒಲೆಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ, ಅದನ್ನು ತೋಟದಲ್ಲೇ ಕೊಳೆಯಲು ಬಿಟ್ಟರೆ ಮಣ್ಣಿಗಾದರೂ ಆಗುತ್ತದೆ. ಹಳೆಯ ಕಾಫಿ ಗಿಡದ ಕಾಂಡ ಸಾಂದ್ರವಾದ, ಬಹಳ ಹೊತ್ತು ಕೆಂಡ ನಿಲ್ಲುವ ಒಳ್ಳೆಯ ಸೌದೆ. ಕೈ ತೋಳಿನಷ್ಟು ದಪ್ಪದವನ್ನು ಸೀಳುವ ಅಗತ್ಯವೇ ಇಲ್ಲ, ಕತ್ತರಿಸಿ ಒಣಗಿಸಿದರೆ ಸಾಕು. ಅದರ ಬುಡದ ಬೊಡ್ಡೆ ಮಾತ್ರ ಬೇರಿನ ಗಂಟುಗಳ ಉಂಡೆ. ಅದನ್ನು ಯಂತ್ರಕ್ಕೆ ಕೊಡದೆ, ಇಡಿಯಾಗಿಯೇ ಒಣಗಿಸಿ ಬಚ್ಚಲಿನ ಒಲೆಗೆ ತಳ್ಳುವುದು ಲೇಸು.

ಕಾಫಿ ಗಿಡದ ಮಾತು ಬಂದದ್ದರಿಂದ ಒಂದು ಎಚ್ಚರಿಕೆ ಹೇಳಲೇಬೇಕು. ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡಗಳನ್ನು ಕಿತ್ತು ಸೌದೆಯೆಂದು ಒಟ್ಟಿಡಬಾರದು. ಕಾಂಡದೊಳಗಿನ ಹುಳು ಅಲ್ಲೇ ಬೆಳೆದು ದುಂಬಿಯಾಗಿ, ಏಪ್ರಿಲ್-ಮೇ ಹಾಗೂ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಾರಾಟದ ಕಾಲದಲ್ಲಿ ಹೊರಬಂದು ಪಕ್ಕದ ತೋಟಕ್ಕೂ ಹರಡುತ್ತದೆ. ಅಂತಹ ಕಾಂಡಗಳನ್ನು ಹಾರಾಟ ಶುರುವಾಗುವ ಮೊದಲೇ ಸುಡಬೇಕು. ಇನ್ನು ಮರವನ್ನೇ ಕಡಿಯುವುದಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಅನುಮತಿಯ ಪ್ರಶ್ನೆ ಬರುತ್ತದೆ. ಯಾವ ಮರಕ್ಕೆ ಬೇಕು, ಯಾವುದಕ್ಕೆ ಬೇಡ ಎಂಬುದನ್ನು ವಲಯ ಅರಣ್ಯ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ.

ಟನ್ ಎಂದರೆ ಏನು

ಹೈಡ್ರಾಲಿಕ್ ಯಂತ್ರದ ಒಳಗೆ ನಡೆಯುವುದು ಸರಳ. ಮೋಟಾರ್ ಪಂಪನ್ನು ತಿರುಗಿಸುತ್ತದೆ, ಪಂಪ್ ಎಣ್ಣೆಯನ್ನು ಸಿಲಿಂಡರಿಗೆ ನೂಕುತ್ತದೆ, ಎಣ್ಣೆ ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ ಮರವನ್ನು ಬೆಣೆಯ ಮೇಲಕ್ಕೆ ಒತ್ತುತ್ತದೆ. ಬಲ ಎಷ್ಟು ಎಂಬುದು ಎರಡೇ ಸಂಗತಿಗಳ ಗುಣಲಬ್ಧ: ಎಣ್ಣೆಯ ಒತ್ತಡ ಮತ್ತು ಪಿಸ್ಟನ್ನಿನ ಮುಖದ ವಿಸ್ತೀರ್ಣ. ಇದನ್ನು ಅಂಗಡಿಯಲ್ಲಿ ನಿಂತೇ ಲೆಕ್ಕ ಹಾಕಬಹುದು. ಸಿಲಿಂಡರಿನ ಒಳವ್ಯಾಸವನ್ನು ಸೆಂಟಿಮೀಟರಿನಲ್ಲಿ ಕೇಳಿ, ಅದನ್ನು ಅದರಿಂದಲೇ ಗುಣಿಸಿ, 0.785ರಿಂದ ಗುಣಿಸಿ, ಪ್ರತಿ ಚದರ ಸೆಂಟಿಮೀಟರಿಗೆ ಎಷ್ಟು ಕಿಲೋ ಒತ್ತಡ ಎಂಬುದರಿಂದ ಗುಣಿಸಿ, 1000ದಿಂದ ಭಾಗಿಸಿ. ಬಂದದ್ದು ಟನ್. ಒಳವ್ಯಾಸ 6.3 ಸೆಂಟಿಮೀಟರ್, ಒತ್ತಡ 200 ಕಿಲೋ ಇದ್ದರೆ 6.2 ಟನ್. ಒಳವ್ಯಾಸ 10 ಸೆಂಟಿಮೀಟರ್ ಆದರೆ ಅದೇ ಒತ್ತಡಕ್ಕೆ 15.7 ಟನ್. ಸಣ್ಣ ಸಿಲಿಂಡರ್ ತೋರಿಸಿ ದೊಡ್ಡ ಟನ್ ಹೇಳುವವರ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಒಳವ್ಯಾಸವನ್ನೂ ಒತ್ತಡವನ್ನೂ ಹೇಳಲಾರದ ಮಾರಾಟಗಾರರಿಂದ ಯಂತ್ರ ಕೊಳ್ಳದಿರುವುದೇ ವಾಸಿ.

ಎರಡನೆಯ ಲೆಕ್ಕವನ್ನು ಹೆಚ್ಚಿನವರು ಕೇಳುವುದೇ ಇಲ್ಲ, ಆದರೆ ದಿನವಿಡೀ ಕೆಲಸ ಮಾಡುವಾಗ ಕಾಡುವುದು ಅದೇ: ವೇಗ. ಮೋಟಾರಿನ ಶಕ್ತಿ ಇಷ್ಟೇ ಎಂದಾದ ಮೇಲೆ ಬಲ ಹೆಚ್ಚಿದಷ್ಟೂ ವೇಗ ಇಳಿಯಬೇಕು. ಎರಡು ಅಶ್ವಶಕ್ತಿಯ, ಅಂದರೆ 1.5 ಕಿಲೋವ್ಯಾಟ್ ಮೋಟಾರ್ ಆರು ಟನ್ ಬಲದಲ್ಲಿ ತಳ್ಳುವಾಗ, ಏನೂ ನಷ್ಟವಿಲ್ಲವೆಂದುಕೊಂಡರೂ ಸೆಕೆಂಡಿಗೆ ಎರಡೂವರೆ ಸೆಂಟಿಮೀಟರ್ ಮಾತ್ರ ಸಾಗಬಲ್ಲದು. ಅರ್ಧ ಮೀಟರ್ ತಳ್ಳಲು 20 ಸೆಕೆಂಡ್. ಅದೇ ಮೋಟಾರಿಗೆ 16 ಟನ್ ಸಿಲಿಂಡರ್ ಜೋಡಿಸಿದರೆ ಅದೇ ದೂರಕ್ಕೆ 50 ಸೆಕೆಂಡಿಗೂ ಹೆಚ್ಚು. ಸಣ್ಣ ಮೋಟಾರ್, ಭಾರೀ ಟನ್, ಮಿಂಚಿನ ವೇಗ ಮೂರೂ ಒಂದೇ ಹಾಳೆಯಲ್ಲಿ ಬರೆದಿದ್ದರೆ ಅದರಲ್ಲಿ ಒಂದಾದರೂ ಸುಳ್ಳು.

ಇದಕ್ಕೆ ಯಂತ್ರ ತಯಾರಕರು ಕಂಡುಕೊಂಡ ನ್ಯಾಯವಾದ ದಾರಿ ಎರಡು ಹಂತದ ಪಂಪ್. ಮರ ತಾಗುವವರೆಗೆ ಹೆಚ್ಚು ಎಣ್ಣೆ, ಕಡಿಮೆ ಒತ್ತಡ, ಹಾಗಾಗಿ ಪಿಸ್ಟನ್ ಬೇಗ ಓಡುತ್ತದೆ. ಮರ ತಡೆದ ಕೂಡಲೇ ಕಡಿಮೆ ಎಣ್ಣೆ, ಹೆಚ್ಚು ಒತ್ತಡಕ್ಕೆ ತಾನೇ ಬದಲಾಗುತ್ತದೆ. ಬದಲಾಗುವಾಗ ಮೋಟಾರಿನ ಸದ್ದು ಭಾರವಾಗುವುದು ಕಿವಿಗೇ ಗೊತ್ತಾಗುತ್ತದೆ. ನೇರ ಎಳೆಯ ಮರ ಬೆಣೆ ಎರಡು ಬೆರಳು ಹೊಕ್ಕಿದೊಡನೆ ಟಪ್ಪೆಂದು ಬಿಚ್ಚಿಕೊಳ್ಳುತ್ತದೆ, ಹಾಗಾಗಿ ಪೂರ್ತಿ ಟನ್ ಬಲ ಬೇಕಾಗುವುದು ಕೆಲವೇ ತುಂಡುಗಳಿಗೆ. ಎರಡು ಹಂತದ ಪಂಪ್ ಇರುವ ಏಳು ಟನ್ ಯಂತ್ರವನ್ನು ಒಂದೇ ಹಂತದ ಹತ್ತು ಟನ್ ಯಂತ್ರಕ್ಕಿಂತ ನಾನು ಮೇಲೆ ಇಡುತ್ತೇನೆ.

ಯಾವ ಮನೆಗೆ ಯಾವುದು

ಬಚ್ಚಲಿನ ಹಂಡೆಗೆ ಮಾತ್ರ ಸೌದೆ ಉರಿಸುವ, ಅಡುಗೆಗೆ ಗ್ಯಾಸ್ ಇರುವ ಮನೆಗೆ ಯಂತ್ರ ಬೇಕಾಗಿಲ್ಲ. ಒಳ್ಳೆಯ ಕೊಡಲಿ, ಎರಡು ಕಬ್ಬಿಣದ ಬೆಣೆ, ಒಂದು ಭಾರದ ಸುತ್ತಿಗೆ ಸಾಕು. ಆದರೆ ಮರ ಕಡಿಯುವ ಕೊಡಲಿಯೇ ಸೀಳುವ ಕೊಡಲಿಯಲ್ಲ. ಕಡಿಯುವ ಕೊಡಲಿಯ ಅಲಗು ತೆಳು, ಎಳೆಯನ್ನು ಅಡ್ಡಕ್ಕೆ ಕತ್ತರಿಸುವುದು ಅದರ ಕೆಲಸ. ಸೀಳಲು ಬೇಕಾದದ್ದು ಕೆನ್ನೆ ಉಬ್ಬಿದ, ತಲೆಯೇ ಎರಡೂವರೆಯಿಂದ ಮೂರೂವರೆ ಕಿಲೋ ತೂಗುವ ಕೊಡಲಿ. ತೆಳು ಅಲಗು ಮರದಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ, ದಪ್ಪ ಅಲಗು ಎರಡು ಹೋಳುಗಳನ್ನು ದೂರ ತಳ್ಳುತ್ತದೆ. ಕಬ್ಬಿಣದ ಬೆಣೆಯ ತಲೆ ಹೊಡೆತಕ್ಕೆ ಅಣಬೆಯ ಹಾಗೆ ಅರಳಿದ್ದರೆ ಆ ಅಂಚನ್ನು ಉಜ್ಜಿಸಿಯೇ ಬಳಸಿ, ಅದರಿಂದ ಹಾರುವ ಲೋಹದ ಚೂರು ಕಣ್ಣನ್ನೇ ಕಳೆಯಬಲ್ಲದು.

ಒಲೆ ಹೊತ್ತಿಸುವ ಸಣ್ಣ ಚಕ್ಕೆಗಳಿಗೆ ಇನ್ನೊಂದು ಸಾಧನವಿದೆ: ಅಲಗನ್ನು ಮೇಲ್ಮುಖವಾಗಿ ನಿಲ್ಲಿಸಿ, ಸುತ್ತ ಕಬ್ಬಿಣದ ಬಳೆ ಇಟ್ಟದ್ದು. ತುಂಡನ್ನು ಅಲಗಿನ ಮೇಲಿಟ್ಟು ಮೇಲಿನಿಂದ ಸುತ್ತಿಗೆಯಲ್ಲಿ ಬಡಿದರೆ ಆಯಿತು, ಬೆರಳ ಹತ್ತಿರ ಬೀಸುವ ಅಲಗು ಇರುವುದಿಲ್ಲ. ನ್ಯೂಜಿಲೆಂಡಿನ ಶಾಲಾ ಬಾಲಕಿ ಐಲಾ ಹಚಿನ್ಸನ್ ವಿಜ್ಞಾನ ಮೇಳಕ್ಕಾಗಿ ಮಾಡಿದ ಇಂತಹ ಸಾಧನ ಇಂದು ಅನೇಕ ದೇಶಗಳಲ್ಲಿ ಮಾರಾಟವಾಗುತ್ತಿದೆ. ವಯಸ್ಸಾದವರೇ ಇರುವ ಮನೆಗೆ ಇದು ಬಹಳ ಒಳ್ಳೆಯದು. ಕೈಯಿಂದ ಪಂಪ್ ಮಾಡುವ ಹೈಡ್ರಾಲಿಕ್ ಜ್ಯಾಕ್ ಮಾದರಿಯೂ ಸಿಗುತ್ತದೆ; ಬಲವಿದೆ, ಕರೆಂಟು ಬೇಡ, ಆದರೆ ಒಂದೊಂದು ತುಂಡಿಗೂ ಹಲವು ಸಲ ಹಿಡಿ ಎಳೆಯಬೇಕು. ಅಪರೂಪಕ್ಕೆ ನಾಲ್ಕು ತುಂಡು ಸೀಳುವವರಿಗೆ ಸರಿ, ವರ್ಷದ ಸೌದೆಗೆ ಅಲ್ಲ.

ಅಡುಗೆ, ಸ್ನಾನ ಎರಡಕ್ಕೂ ಸೌದೆಯನ್ನೇ ನೆಚ್ಚಿದ ಮನೆಯ ಲೆಕ್ಕ ಹಾಕೋಣ. ದಿನಕ್ಕೆ ಹತ್ತು ಕಿಲೋ ಒಣ ಸೌದೆ ಉರಿದರೆ ವರ್ಷಕ್ಕೆ 3.6 ಟನ್. ಹಸಿಯಾಗಿದ್ದಾಗ ಅದು ಆರು ಟನ್ ಹತ್ತಿರ. 25 ಸೆಂಟಿಮೀಟರ್ ದಪ್ಪ, 40 ಸೆಂಟಿಮೀಟರ್ ಉದ್ದದ ಹಸಿ ತುಂಡು ಸುಮಾರು 20 ಕಿಲೋ ತೂಗುತ್ತದೆ, ಅಂದರೆ ಒಂದು ಟನ್‌ಗೆ 50 ತುಂಡು. ಒಂದನ್ನು ನಾಲ್ಕಾಗಿಸಲು ಮೂರು ಸಲ ತಳ್ಳಬೇಕು: ಒಮ್ಮೆ ಎರಡಾಗಿ, ಆಮೇಲೆ ಒಂದೊಂದು ಹೋಳಿಗೂ ಒಮ್ಮೆ. ಒಟ್ಟು 150 ಸಲ. ಎತ್ತಿ ಇಡುವುದು, ತೆಗೆಯುವುದು ಸೇರಿ ಪ್ರತಿ ಸಲಕ್ಕೆ 40 ಸೆಕೆಂಡ್ ಹಿಡಿದರೆ ಟನ್‌ಗೆ ನೂರು ನಿಮಿಷ. ದಣಿವು, ವಿರಾಮ ಸೇರಿಸಿ ಎರಡು ಗಂಟೆ ಎನ್ನಿ. ವರ್ಷದ ಆರು ಟನ್‌ಗೆ 12 ಗಂಟೆ. ಸಿಂಗಲ್ ಫೇಸ್‌ನಲ್ಲಿ ಓಡುವ, 1.5ರಿಂದ 2.2 ಕಿಲೋವ್ಯಾಟಿನ, ಐದರಿಂದ ಏಳು ಟನ್ನಿನ ಅಡ್ಡ ಮಲಗಿದ ಮಾದರಿ ಈ ಕೆಲಸವನ್ನು ಎರಡು ಮೂರು ದಿನಗಳಲ್ಲಿ ಮುಗಿಸುತ್ತದೆ. ವರ್ಷಕ್ಕೆ 12 ಗಂಟೆಯ ಕೆಲಸಕ್ಕೆ 20 ಟನ್ನಿನ ಯಂತ್ರ ತಂದು ಉಳಿದ ದಿನವೆಲ್ಲ ಶೆಡ್ಡಿನಲ್ಲಿ ತುಕ್ಕು ಹಿಡಿಸುವುದು ವ್ಯರ್ಥ ಖರ್ಚು.

ಈ ಅಡ್ಡ ಮಾದರಿಗಳ ತೂಕ ಸಾಮಾನ್ಯವಾಗಿ 50 ಕಿಲೋ ಆಸುಪಾಸು, ಇಬ್ಬರು ಸೇರಿ ಪಿಕಪ್‌ಗೆ ಹತ್ತಿಸಬಹುದು. ಹೆಚ್ಚಿನವು ಅರ್ಧ ಮೀಟರ್‌ಗಿಂತ ಸ್ವಲ್ಪ ಉದ್ದದ ತುಂಡಿನವರೆಗೆ ಹಿಡಿಯುತ್ತವೆ. ಇಲ್ಲೇ ಒಲೆಯ ಬಾಯಿ ಅಳೆಯಬೇಕಾದ ಮಾತು ಬರುವುದು. ಹಂಡೆ ಒಲೆಗೆ ಉದ್ದ ಸೌದೆ ತಳ್ಳುವ ರೂಢಿ ಇರುವ ಮನೆಯಲ್ಲಿ ಮುಕ್ಕಾಲು ಮೀಟರ್ ತುಂಡು ಕೊಯ್ದಿಟ್ಟು ಆಮೇಲೆ ಯಂತ್ರ ತಂದರೆ ಒಂದೂ ಅದರಲ್ಲಿ ಕೂರುವುದಿಲ್ಲ. ಚೈನ್ ಸಾ ಹಿಡಿಯುವವರಿಗೆ ಅಳತೆ ಕೋಲು ಕೊಟ್ಟು, ಒಂದೇ ಉದ್ದಕ್ಕೆ, ಎರಡೂ ಮುಖ ನೇರವಾಗಿರುವಂತೆ ಕೊಯ್ಯಲು ಹೇಳಿ. ಓರೆಯಾಗಿ ಕೊಯ್ದ ತುಂಡು ಒತ್ತಡ ಬಿದ್ದಾಗ ಪಕ್ಕಕ್ಕೆ ಸಿಡಿಯುತ್ತದೆ.

ನಿಂತ ಮಾದರಿಯಲ್ಲಿ ಬೆಣೆ ಮೇಲಿನಿಂದ ಇಳಿಯುತ್ತದೆ. ದಪ್ಪ ಕೊರಡನ್ನು ಎತ್ತದೆ ಉರುಳಿಸಿ ನಿಲ್ಲಿಸಬಹುದು. ನಡು ಬಗ್ಗಿಸಲಾಗದವರಿಗೆ, ಮೀಟರ್ ಸುತ್ತಳತೆಯ ಬೊಡ್ಡೆಗಳೇ ಹೆಚ್ಚಿರುವವರಿಗೆ ಇದು ಅನುಕೂಲ. ಆದರೆ ಭಾರ ಹೆಚ್ಚು, ಸಮತಟ್ಟು ನೆಲ ಬೇಕೇ ಬೇಕು. ಕೊಡಗಿನ ಇಳಿಜಾರು ಅಂಗಳಗಳಲ್ಲಿ ಅದಕ್ಕೊಂದು ಸಿಮೆಂಟ್ ಕಟ್ಟೆ ಮಾಡಿಕೊಳ್ಳದೆ ತರಬೇಡಿ.

ಪೆಟ್ರೋಲ್ ಯಂತ್ರಕ್ಕೆ ಕರೆಂಟಿನ ಹಂಗಿಲ್ಲ, ಬಲ 20 ಟನ್ ದಾಟುತ್ತದೆ, ಹಲಸಿನ ಕವಲನ್ನೂ ಬಿಡಿಸುತ್ತದೆ. ಹೋಂ ಸ್ಟೇ ನಡೆಸುವವರು, ಕಾರ್ಮಿಕರ ಲೈನ್ ಮನೆಗಳಿಗೂ ಸೌದೆ ಒದಗಿಸಬೇಕಾದ ತೋಟದವರು, ಅಕ್ಕಪಕ್ಕದ ನಾಲ್ಕೈದು ಮನೆಯವರು ಸೇರಿ ಕೊಳ್ಳುವುದಾದರೆ ಇದು ಸರಿ. ಟ್ರ್ಯಾಕ್ಟರ್ ಇರುವ ಮನೆಗೆ ಅದರ ಹೈಡ್ರಾಲಿಕ್‌ಗೆ ಜೋಡಿಸುವ ಸೀಳು ಯಂತ್ರ ಇನ್ನೂ ಅಗ್ಗ, ಎಂಜಿನ್ ಹೇಗೂ ಮನೆಯಲ್ಲಿದೆ. ಎರಡಕ್ಕೂ ಒಂದು ಮಾತು: ಮಳೆ ಬಂತೆಂದು ಮುಚ್ಚಿದ ಶೆಡ್ಡಿನೊಳಗೆ ಓಡಿಸಬೇಡಿ. ಎಂಜಿನ್ ಹೊಗೆಯ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ತಲೆ ಸುತ್ತುವ ಹೊತ್ತಿಗೆ ತಡವಾಗಿರುತ್ತದೆ.

ಇನ್ನೊಂದು ಮಾದರಿಯ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇನೆ: ತಿರುಗುವ ತಿರುಪಿನ ಶಂಕು. ದಪ್ಪ ಸ್ಕ್ರೂ ಆಕಾರದ ಕಬ್ಬಿಣದ ಮೊನೆ ಮರವನ್ನು ಕೊರೆದುಕೊಂಡು ಒಳನುಗ್ಗಿ ಸೀಳುತ್ತದೆ. ಬೆಲೆ ಕಡಿಮೆ, ವೇಗ ಹೆಚ್ಚು, ನೋಡಲು ಆಕರ್ಷಕ. ಆದರೆ ಅದು ಸದಾ ತಿರುಗುತ್ತಲೇ ಇರುತ್ತದೆ. ಮರ ಕಚ್ಚಿಕೊಂಡರೆ ಇಡೀ ತುಂಡೇ ಗಿರ್ರನೆ ಸುತ್ತಿ ಹಿಡಿದವನನ್ನು ಬಡಿಯುತ್ತದೆ. ಕೈಗವಸು, ಲುಂಗಿಯ ತುದಿ, ಸೀರೆಯ ಸೆರಗು ಸಿಕ್ಕರೆ ಬಿಡಿಸಿಕೊಳ್ಳಲು ಸಮಯ ಸಿಗುವುದಿಲ್ಲ. ಮನೆಯ ಅಂಗಳದಲ್ಲಿ, ಮಕ್ಕಳು ಓಡಾಡುವ ಜಾಗದಲ್ಲಿ ಇದಕ್ಕೆ ಸ್ಥಾನವಿಲ್ಲ.

ಕರೆಂಟು ಸಾಕೇ

ಯಂತ್ರ ಸರಿಯಿದ್ದೂ ಮರ ಸೀಳದಿದ್ದರೆ ಹಲವು ಸಲ ತಪ್ಪು ವೋಲ್ಟೇಜಿನದು. ಇಂತಹ ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ, ಅಂದರೆ ವೋಲ್ಟೇಜನ್ನು ಅದರಿಂದಲೇ ಗುಣಿಸಿದ್ದಕ್ಕೆ, ಅನುಗುಣವಾಗಿ ಇಳಿಯುತ್ತದೆ. 230 ಇರಬೇಕಾದಲ್ಲಿ 180 ಬಂದರೆ ಬಲ 61 ಶೇಕಡಕ್ಕೆ ಕುಸಿಯುತ್ತದೆ. ಪಂಪ್ ಒತ್ತಡ ಏರಿಸಿದಾಗ ಮೋಟಾರ್ ಗೊಣಗಿ ನಿಂತು, ಬಿಸಿಯಾಗಿ, ಕೊನೆಗೆ ಸುಟ್ಟೇ ಹೋಗಬಹುದು. ಟ್ರಾನ್ಸ್‌ಫಾರ್ಮರಿನಿಂದ ದೂರದ ಒಂಟಿ ಮನೆಗಳಲ್ಲಿ ಸಂಜೆ ಹೊತ್ತು ವೋಲ್ಟೇಜ್ ಅಳೆದು ನೋಡಿಯೇ ವಿದ್ಯುತ್ ಯಂತ್ರದ ತೀರ್ಮಾನ ಮಾಡಿ. ಬೆಳಗಿನ ಹೊತ್ತು ಚೆನ್ನಾಗಿದ್ದರೆ ಬೆಳಿಗ್ಗೆಯೇ ಕೆಲಸ ಮುಗಿಸಿಕೊಳ್ಳಬಹುದು.

ಮನೆಯಿಂದ ಕಣದವರೆಗೆ ಎಳೆಯುವ ವೈರ್ ಇನ್ನೊಂದು ಕಳ್ಳ. ಮೋಟಾರ್ ಶುರುವಾಗುವ ಕ್ಷಣದಲ್ಲಿ ಓಡುವಾಗಿನ ನಾಲ್ಕೈದು ಪಟ್ಟು ಕರೆಂಟು ಎಳೆಯುತ್ತದೆ. ಆಗ 40 ಆಂಪಿಯರ್ ಹರಿಯಿತು ಎಂದುಕೊಳ್ಳಿ: 30 ಮೀಟರ್ ಉದ್ದದ 1.5 ಚದರ ಮಿಲಿಮೀಟರ್ ತಾಮ್ರದ ವೈರಿನಲ್ಲಿ ಸುಮಾರು 29 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. 2.5 ಚದರ ಮಿಲಿಮೀಟರ್ ಆದರೆ 18 ವೋಲ್ಟ್. ಬಲ್ಬಿಗೆಂದು ತಂದ ತೆಳು ವೈರನ್ನು ಸುರುಳಿ ಬಿಚ್ಚದೆ ಬಳಸಿದರೆ ಅದೇ ಬಿಸಿಯಾಗಿ ಕರಗುತ್ತದೆ. ದಪ್ಪ ವೈರ್, 16 ಆಂಪಿಯರ್ ಪ್ಲಗ್, ಸರಿಯಾದ ಅರ್ಥಿಂಗ್, ಸೋರಿಕೆ ಕಂಡೊಡನೆ ಕಡಿತಗೊಳಿಸುವ ಬ್ರೇಕರ್, ಇವು ಯಂತ್ರದ ಖರ್ಚಿನ ಭಾಗವೇ ಎಂದು ತಿಳಿಯಿರಿ. ತೋಟದ ಪಂಪ್‌ಸೆಟ್ ಸಂಪರ್ಕದಿಂದ ಲೈನ್ ಎಳೆಯುವ ಯೋಚನೆ ಬೇಡ. ನೀರಾವರಿಗೆ ಕೊಟ್ಟ ವಿದ್ಯುತ್ತನ್ನು ಬೇರೆ ಕೆಲಸಕ್ಕೆ ಬಳಸಿದರೆ ವಿದ್ಯುತ್ ಪೂರೈಸುವ ಸೆಸ್ಕ್ ದಂಡ ಹಾಕಬಹುದು.

ಕೈ ಉಳಿಯಬೇಕಾದರೆ

ಒಳ್ಳೆಯ ಯಂತ್ರಕ್ಕೆ ಎರಡು ಹಿಡಿಗಳಿರುತ್ತವೆ. ಎರಡೂ ಕೈಗಳಿಂದ ಒಟ್ಟಿಗೆ ಒತ್ತಿದರೆ ಮಾತ್ರ ಪಿಸ್ಟನ್ ಮುಂದೆ ಹೋಗುತ್ತದೆ, ಒಂದು ಬಿಟ್ಟರೂ ನಿಲ್ಲುತ್ತದೆ. ಕೈಗಳೆರಡೂ ಹಿಡಿಯ ಮೇಲಿದ್ದರೆ ಬೆಣೆಯ ಬಳಿ ಬೆರಳು ಇರಲು ಸಾಧ್ಯವೇ ಇಲ್ಲ ಎಂಬುದೇ ಇದರ ತತ್ವ. ಯುರೋಪಿನ ಇಎನ್ 609-1 ಎಂಬ ಮಾನದಂಡ ಬೆಣೆಯಿಂದ ಸೀಳುವ ಇಂತಹ ಯಂತ್ರಗಳ ಸುರಕ್ಷತೆಗೆಂದೇ ಇದೆ. ಅದರ ಗುರುತು ಇರಲಿ ಬಿಡಲಿ, ಎರಡು ಕೈಯ ವ್ಯವಸ್ಥೆ ಇಲ್ಲದ ಯಂತ್ರವನ್ನು ಮನೆಗೆ ತರಬೇಡಿ. ಇದ್ದ ಮೇಲೆ ಒಂದು ಹಿಡಿಯನ್ನು ಹಗ್ಗದಿಂದ ಕಟ್ಟಿ ಒಂದೇ ಕೈಯಲ್ಲಿ ನಡೆಸುವ 'ಉಪಾಯ'ವನ್ನು ಯಾರಿಗೂ ಮಾಡಲು ಬಿಡಬೇಡಿ.

ಒಬ್ಬರು ಮರ ಇಡುವುದು, ಇನ್ನೊಬ್ಬರು ಹಿಡಿ ಒತ್ತುವುದು ಎಂಬ ಜೋಡಿ ಕೆಲಸ ಬೇಗ ಆಗುತ್ತದೆ ಎನಿಸುತ್ತದೆ. ಬೆರಳು ಹೋಗುವುದು ಹೆಚ್ಚಾಗಿ ಹೀಗೆಯೇ. ತುಂಡು ಇಡುವವರೂ ಒತ್ತುವವರೂ ಒಬ್ಬರೇ ಆಗಿರಲಿ, ಎರಡನೆಯವರು ತುಂಡು ತಂದು ಪಕ್ಕದಲ್ಲಿಡಲಿ, ಸೀಳಿದ್ದನ್ನು ಒಯ್ಯಲಿ. ಗಟ್ಟಿ ಬೂಟು, ಕಣ್ಣಿಗೆ ಕನ್ನಡಕ, ಮೈಗೆ ಅಂಟಿದ ಬಟ್ಟೆ. ಹೋಸ್‌ನಲ್ಲಿ ಎಣ್ಣೆ ಸೋರುತ್ತಿದೆ ಅನಿಸಿದರೆ ಕೈಯಿಂದ ತಡಕಬಾರದು; ಸೂಜಿ ಮೊನೆಯಷ್ಟು ತೂತಿನಿಂದ ಬರುವ ಎಣ್ಣೆ ಚರ್ಮ ಸೀಳಿ ಒಳಹೋಗುತ್ತದೆ. ಒಂದು ರಟ್ಟಿನ ತುಂಡು ಹಿಡಿದರೆ ಸೋರಿಕೆ ಎಲ್ಲೆಂದು ಕಾಣುತ್ತದೆ.

ತುಂಡನ್ನು ಇಡುವುದರಲ್ಲೂ ಜಾಣತನವಿದೆ. ಕೊಯ್ದ ಮುಖವನ್ನು ಒಮ್ಮೆ ಕೈಯಿಂದ ಒರೆಸಿ ನೋಡಿ. ನಡುವಿನ ತಿರುಳಿನಿಂದ ಅಂಚಿಗೆ ಕೂದಲಿನಷ್ಟು ತೆಳ್ಳನೆಯ ಬಿರುಕುಗಳು ಓಡಿರುತ್ತವೆ. ಬೆಣೆಯ ಅಲಗು ಅಂತಹ ಒಂದು ಬಿರುಕಿನ ನೇರಕ್ಕೆ ಬರುವಂತೆ ತುಂಡನ್ನು ತಿರುಗಿಸಿ. ಪಕ್ಕದಲ್ಲಿ ಗಂಟು ಇದ್ದರೆ ಅಲಗು ಅದನ್ನು ತಪ್ಪಿಸಿ ಹೋಗಲಿ. ದಪ್ಪ ಕೊರಡನ್ನು ನಟ್ಟನಡುವೆ ಸೀಳಲು ಹಟ ಹಿಡಿಯುವ ಬದಲು ಅಂಚಿನಿಂದ ಹೋಳು ಹೋಳಾಗಿ ಬಿಡಿಸುತ್ತ ಬನ್ನಿ, ಕಡಿಮೆ ಬಲ ಸಾಕು. ಐದು ಸೆಕೆಂಡ್ ಒತ್ತಿದರೂ ಬಿರುಕು ಕಾಣದಿದ್ದರೆ ಬಿಟ್ಟುಬಿಡಿ, ತಿರುಗಿಸಿ ಇನ್ನೊಮ್ಮೆ ನೋಡಿ. ಆಗಲೂ ಆಗದಿದ್ದರೆ ಆ ತುಂಡು ಚೈನ್ ಸಾಗೆ. ನಾಲ್ಕು ಅಲಗಿನ ಬೆಣೆ ಒಂದೇ ಸಲಕ್ಕೆ ನಾಲ್ಕು ಹೋಳು ಮಾಡುತ್ತದೆ ನಿಜ, ಆದರೆ ಹೆಚ್ಚು ಬಲ ಬೇಡುತ್ತದೆ. ಏಳು ಟನ್ ಯಂತ್ರದಲ್ಲಿ ಅದನ್ನು ತೆಳು ಸಿಲ್ವರ್ ಓಕ್‌ಗೆ ಮಾತ್ರ ಇಟ್ಟುಕೊಳ್ಳಿ.

ಕೊಳ್ಳುವ ದಿನ

ಅಂಗಡಿಯವರು ಯಂತ್ರ ತೋರಿಸಲು ಇಟ್ಟುಕೊಂಡಿರುವ ಮರ ಯಾವಾಗಲೂ ಚೆನ್ನಾಗಿ ಸೀಳುತ್ತದೆ. ನಿಮ್ಮ ರಾಶಿಯಿಂದ ಮೂರು ತುಂಡು ಜೀಪಿನಲ್ಲಿ ಹಾಕಿಕೊಂಡು ಹೋಗಿ: ಒಂದು ಸಾಮಾನ್ಯದ್ದು, ಒಂದು ದಪ್ಪದ್ದು, ಒಂದು ಗಂಟಿನದ್ದು. ಮೊದಲನೆಯದು ತಡವಿಲ್ಲದೆ ಆಗಬೇಕು, ಎರಡನೆಯದು ಮೋಟಾರ್ ಸದ್ದು ಬದಲಾಗಿಯಾದರೂ ಆಗಬೇಕು. ಮೂರನೆಯದು ಆಗದಿದ್ದರೆ ಚಿಂತೆಯಿಲ್ಲ, ಆಗ ಯಂತ್ರ ಮೋಟಾರನ್ನು ನಿಲ್ಲಿಸಿಬಿಡುತ್ತದೆಯೋ ಅಥವಾ ಒತ್ತಡ ತಗ್ಗಿಸುವ ವಾಲ್ವ್ ತೆರೆದು ಎಣ್ಣೆಯನ್ನು ಟ್ಯಾಂಕಿಗೆ ಮರಳಿಸುತ್ತದೆಯೋ ಎಂಬುದನ್ನು ಗಮನಿಸಿ. ವಾಲ್ವ್ ಸರಿಯಾಗಿ ಕೆಲಸ ಮಾಡಿದರೆ ಪಿಸ್ಟನ್ ನಿಂತರೂ ಮೋಟಾರ್ ಓಡುತ್ತಿರುತ್ತದೆ.

ಪಿಸ್ಟನ್ ದಂಡವನ್ನು ಪೂರ್ತಿ ಹೊರಗೆ ತರಿಸಿ ಬೆರಳಾಡಿಸಿ. ಗೀರು, ತುಕ್ಕಿನ ಚುಕ್ಕೆ ಇದ್ದರೆ ಸೀಲ್ ಬೇಗ ಹರಿಯುತ್ತದೆ. ಸೆಕೆಂಡ್ ಹ್ಯಾಂಡ್ ಯಂತ್ರದಲ್ಲಿ ನೋಡಬೇಕಾದ ಮೊದಲ ಜಾಗ ಇದು. ಸೀಲ್, ಹೋಸ್ ಸಾಮಾನ್ಯ ಅಳತೆಯವೇ ಎಂದು ಕೇಳಿ. ಸಾಮಾನ್ಯ ಅಳತೆಯವಾದರೆ ಜೆಸಿಬಿ, ಟ್ರ್ಯಾಕ್ಟರ್ ರಿಪೇರಿ ಮಾಡುವವರೇ ಹಾಕಿಕೊಡಬಲ್ಲರು. ಹೊರದೇಶದಿಂದ ಬಂದ ಬಿಡಿಭಾಗಕ್ಕೆ ಮೂರು ತಿಂಗಳು ಕಾಯುವಷ್ಟರಲ್ಲಿ ಮಳೆಗಾಲವೇ ಮುಗಿದಿರುತ್ತದೆ. ಒಂದು ಜೊತೆ ಸೀಲ್ ಅಂದೇ ಕೊಂಡು ಮನೆಯಲ್ಲಿಡಿ.

ಅಡ್ಡ ಮಾದರಿಯ ಹೆಚ್ಚಿನ ವಿದ್ಯುತ್ ಯಂತ್ರಗಳಲ್ಲಿ ಎಣ್ಣೆ ಟ್ಯಾಂಕಿಗೆ ಗಾಳಿ ಬಿಡುವ ಸಣ್ಣ ತಿರುಪು ಇರುತ್ತದೆ. ಕೆಲಸ ಶುರು ಮಾಡುವ ಮೊದಲು ಅದನ್ನು ಎರಡು ಸುತ್ತು ಸಡಿಲಿಸಬೇಕು, ಸಾಗಿಸುವಾಗ ಮತ್ತೆ ಬಿಗಿಯಬೇಕು. ಬಿಗಿದೇ ಓಡಿಸಿದರೆ ಒಳಗೆ ಒತ್ತಿಕೊಂಡ ಗಾಳಿ ಸೀಲನ್ನು ಹಾಳು ಮಾಡುತ್ತದೆ. ಅದು ಎಲ್ಲಿದೆ ಎಂದು ಅಂಗಡಿಯಲ್ಲೇ ತೋರಿಸಿಕೊಳ್ಳಿ. ಮೇ ಕೊನೆಯಲ್ಲಿ ಯಂತ್ರ ಒಳಗಿಡುವಾಗ ದಂಡವನ್ನು ಪೂರ್ತಿ ಒಳಗೆಳೆದು, ಬೆಣೆಗೂ ಜಾರುವ ಹಳಿಗೂ ಗ್ರೀಸ್ ಸವರಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ. ಹುತ್ತರಿ ಹಬ್ಬ ಮುಗಿದು ಮತ್ತೆ ಹೊರಗೆ ತೆಗೆದಾಗ ಮೊದಲು ಎಣ್ಣೆಯ ಕಡ್ಡಿ ಎಳೆದು ನೋಡಿ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದರ್ಥ, ಪೂರ್ತಿ ಬದಲಿಸಿದ ಮೇಲೆಯೇ ಸ್ವಿಚ್ ಹಾಕಬೇಕು.